ನಿಂತಲ್ಲಿಂದಲೇ ಮುಂದುವರಿಸೋ ಮ್ಯಾನೇಜರ್

ಇಡೀ ಬಾಗ್ದಾದಿನಲ್ಲಿ ನನ್ನ ಕಿವಿಯಂಥ ಕಿವಿ ಇನ್ನೊಂದಿಲ್ಲ. ಬಸ್ರಾದಲ್ಲಿ ಹಿಟ್ಟು ಹುಳಿ ಬಂದರೂ ನನಗಿಲ್ಲಿ ಕೇಳಿಸುತ್ತದೆ. ನಿನ್ನೆ ಸಮೂನ್ ರೊಟ್ಟಿಗಾಗಿ ಮೊಸೂಲಿನವರೆಗೂ ಚಾಚಿದ್ದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಮಿಖ್ದಾದ್ ಮೇಷ್ಟ್ರು, ಅವರ ಪಕ್ಕದಲ್ಲಿ ನಮ್ಮ ಬೀದಿಗೆಲ್ಲ ಜನರೇಟರ್ ಕರೆಂಟು ಮಾರುವ ಅಬೂ ಗೈಸ್.

“ಅಬೂ ಗೈಸ್, ಕಂಪ್ಯೂಟರಿಗೆ ಯಾವ ಡೌನ್‌ಲೋಡ್ ಮ್ಯಾನೇಜರ್ ಹಾಕ್ಕೊಳ್ಳೋದು? ಪುಕ್ಕಟೆದು ಹೇಳಿ.”

“ಏನಿಳಿಸ್ಬೇಕು ಮೇಷ್ಟ್ರೇ?”

“ನಮ್ಮತ್ತೆ ಮೊಮ್ಮಗಳ ಮದುವೆ ವಿಡಿಯೊ, ಸ್ವೀಡನ್ನಿಂದ ಕಳಿಸಿದಾರೆ. ಸಂಜೆಗೆ ಲಿಂಕು ಸತ್ತುಹೋಗುತ್ತೆ. ಅತ್ತೆ ಆಗ್ಲೇ ಹೊಸ ಬಟ್ಟೆ ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂತಿದಾರೆ.”

“ಹಾಗಾದ್ರೆ ಜಾಹೀರಾತು ತುರುಕೋ ಅಂಥದ್ದು ಬೇಡ. ಕರೆಂಟು ಹೋಗಿಬಂದ್ರೆ ನಿಂತಲ್ಲಿಂದಲೇ ಮುಂದುವರಿಸೋದು ತಗೊಳ್ಳಿ.”

“ಅಂಥವು ನಾಲ್ಕು ಹಾಕಿದೀನಿ. ಅವು ಮುಂದುವರಿಸೋಷ್ಟರಲ್ಲಿ ನೀವು ಮತ್ತೆ ಜನರೇಟರ್ ಆರಿಸ್ತೀರಿ.”

“ಯಂತ್ರಕ್ಕೂ ವಿಶ್ರಾಂತಿ ಬೇಡ್ವಾ, ನನ್ನ ಕಣ್ಣೇ? ತಪ್ಪು ನಿಮ್ಮ ಆಯ್ಕೇದು. ಫೈಲನ್ನ ತುಂಡು ತುಂಡು ಮಾಡಿ ಎಳೆಯೋದು ಹಾಕಿ, ಅರಬ್ಬಿ ಕುದುರೆ ಥರ ಓಡುತ್ತೆ.”

“ನಿಮ್ಮನೇಲಿ ಯಾವುದಿದೆ?”

“ನಮ್ಮನೇಲಾ? ಯಾವುದೂ ಇಲ್ಲ. ನಮ್ಮನೇಲಿ ಕರೆಂಟೇ ಹೋಗಲ್ವಲ್ಲ!”

ಸಾಲು ನಕ್ಕ ನಗೆಗೆ ಟೈಗ್ರಿಸ್ ನದಿ ಒಂದು ಗಳಿಗೆ ಹಿಂದಕ್ಕೆ ಹರಿಯಿತು. ಅಬೂ ಗೈಸ್ ರೊಟ್ಟಿ ಕಟ್ಟಿಸಿಕೊಂಡು ಹೊರಟ. ಮೇಷ್ಟ್ರು ಸಾಲು ಬಿಟ್ಟು ಅವನ ಹಿಂದೆಯೇ ಓಡಿದರು.

“ನಿಲ್ರೀ, ಕಂಪ್ಯೂಟರ್ ನಿಮ್ಮನೆಗೇ ಹೊತ್ಕೊಂಡು ಬರ್ತೀನಿ!”

“ಬನ್ನಿ, ಅದಕ್ಕೇನಂತೆ.”

“ಅತ್ತೇನೂ ಕರ್ಕೊಂಡು ಬರ್ತೀನಿ!”

ಅಬೂ ಗೈಸ್ ನಡಿಗೆ ಜೋರು ಮಾಡಿದ.