ಬೆಟ್ಟದ ಮೇಲೆ ಒಬ್ಬಳೇ

ಲೊಯ್ಟೊಕಿಟೊಕ್ ಪೇಟೆಯಲ್ಲಿ ವ್ಯಾನಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ದನ-ಆಡು ಸಾಕುವ ಮಾಸಾಯ್ ಬುಡಕಟ್ಟಿನ ಒಬ್ಬ ಅಜ್ಜಿ. ಜೊತೆಗೆ, ಹಾಸ್ಟೆಲ್ ಶಾಲೆಯ ಸಾಹಸ ಶಿಬಿರ ಮುಗಿಸಿ ಬಂದ ಮೊಮ್ಮಗಳು ನಾಶಿಪಾಯಿ.

“ಬೆಟ್ಟದ ಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕಡೆ ಕೂರಿಸಿ ಹೋದ್ರು ಅಜ್ಜಿ, ಸಂಜೆವರೆಗೂ.”

“ಆಡು ಕಾಯೋಕಾ ನಾಶಿಪಾಯಿ?”

“ಆಡೂ ಇಲ್ಲ, ಏನೂ ಇಲ್ಲ. ಸುಮ್ನೆ ಕೂತು ನಮ್ಮ ಬಗ್ಗೆ ನಾವೇ ಯೋಚ್ನೆ ಮಾಡ್ಬೇಕಂತೆ.”

“ಇಡೀ ದಿನ? ಅಷ್ಟೊಂದು ಇದ್ಯಾ ನಿನ್ ಹತ್ರ?”

“ಮಧ್ಯಾಹ್ನಕ್ಕೇ ಮುಗ್ದೋಯ್ತು. ಆಮೇಲೆ ನಿನ್ನ ಬಗ್ಗೆ ಯೋಚಿಸ್ದೆ. ನನಗಿಂತ ಚಿಕ್ಕೋಳಿದ್ದಾಗ ಅದೇ ಬೆಟ್ಟದಲ್ಲಿ ಒಬ್ಬಳೇ ಆಡು ಕಾಯ್ತಿದ್ಯಲ್ಲ, ಹೆದರಿಕೆ ಆಗ್ತಿರ್ಲಿಲ್ವಾ?”

ಅಜ್ಜಿ ಕೋಲನ್ನು ಕೈಯಿಂದ ಕೈಗೆ ಬದಲಿಸಿದಳು.

“ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಕಣೆ.”

ವ್ಯಾನ್ ಬಂತು. ಮೊಮ್ಮಗಳ ಚೀಲವನ್ನು ತಾನೇ ಹೊತ್ತು ಹತ್ತುತ್ತ ಅಂದಳು:

“ದಿನಾ ಅಳ್ತಿದ್ದೆ. ನಿಮ್ಮಪ್ಪನಿಗೆ ಹೇಳ್ಬೇಡ.”