ಕೆರೆಗೆ ಬೀಳದ ವಿಡಿಯೋ ಗೇಮು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಶಾಲಾ ಸಮಿತಿಯ ಚಿಕ್ಕಮಾದಯ್ಯನವರೇ, ಕೆ.ಆರ್. ಪೇಟೆಯಿಂದ ದಾರಿಯ ದೂಳನ್ನೆಲ್ಲ ಕುಡಿದುಕೊಂಡು ಬಂದಿರುವ ಶಿಕ್ಷಣಾಧಿಕಾರಿಗಳೇ, ನನ್ನ ಸಹೋದ್ಯೋಗಿಗಳೇ, ಪೋಷಕರೇ, ಮೊದಲ ಸಾಲಿನ ತುದಿಯಲ್ಲಿ ಕುಳಿತಿರುವ ನನ್ನ ಶ್ರೀಮತಿ ಸರಸಮ್ಮನವರೇ, ಈ ಹೆಡ್‌ಮೇಷ್ಟ್ರು ಯಾವಾಗ ಮುಗಿಸುತ್ತಾನೋ, ಲಾಡು ಯಾವಾಗ ಹಂಚುತ್ತಾರೋ ಎಂದು ಕಾಯುತ್ತಿರುವ ನನ್ನ ಮಕ್ಕಳೇ, ಹಾಗೂ ಸಭಿಕರೇ,

ಈ ತಿಂಗಳ ಕೊನೆಗೆ ನಾನು ನಿವೃತ್ತನಾಗುತ್ತೇನೆ. ವಾರ್ಷಿಕೋತ್ಸವದ ಜೊತೆಯಲ್ಲೇ ನನ್ನನ್ನು ಬೀಳ್ಕೊಡುತ್ತಿದ್ದೀರಿ. ಒಂದೇ ಶಾಮಿಯಾನದಲ್ಲಿ ಎರಡು ಕೆಲಸ ಮುಗಿಸುವ ಜಾಣತನ ಕಿಕ್ಕೇರಿ ಸೀಮೆಯವರಿಗೆ ನಾನೇನು ಹೇಳಿಕೊಡಬೇಕೇ?

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಟಿ.ವಿ. ಮತ್ತು ವಿಡಿಯೋ ಗೇಮುಗಳಿಂದ ವಿದ್ಯಾರ್ಥಿಗಳ ಮಿದುಳಿನ ಮೇಲಾಗುವ ದುಷ್ಪರಿಣಾಮ' ಎಂದು ಅಚ್ಚು ಹಾಕಿಸಿದ್ದಾರೆ. ಹನ್ನೊಂದು ವರ್ಷದಿಂದ ಪ್ರತಿ ವಾರ್ಷಿಕೋತ್ಸವದಲ್ಲೂ ಇದೇ ಭಾಷಣ ಮಾಡಿದ್ದೇನೆ. ಹತ್ತನೇ ತರಗತಿಯವರು ಬೇಕಾದರೆ ನನಗೇ ಒಪ್ಪಿಸಿಯಾರು. ಇವತ್ತು ಅದನ್ನು ಮಾಡುವುದಿಲ್ಲ. ಬರೆದುಕೊಂಡು ಬಂದ ಚೀಟಿ ಜೇಬಿನಲ್ಲಿದೆ, ಅಲ್ಲೇ ಇರಲಿ.

ಈ ಶಾಲೆಯಲ್ಲಿ ನಾನು ತಂದ ಒಂದು ಪದ್ಧತಿ ನಿಮಗೆಲ್ಲ ಗೊತ್ತು. ಮಕ್ಕಳಿಂದ ಕಿತ್ತುಕೊಂಡ ವಸ್ತುವನ್ನು ನಾನು ಬೀರುವಿನಲ್ಲಿಟ್ಟು ಕೊಳೆಸಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ಕೆರೆ ಏರಿಯ ಮೇಲೆ ನಿಲ್ಲಿಸಿ, ಅವರ ಕಣ್ಣೆದುರಿಗೇ ನೀರಿಗೆ ಎಸೆಯುತ್ತಿದ್ದೆ. ಗೋಲಿ, ಬುಗುರಿ, ಕವಣೆ, ಸಿನಿಮಾ ನಟರ ಚಿತ್ರ. ನಮ್ಮ ಕೆರೆಯ ಹೂಳೆತ್ತಿಸಿದರೆ ಒಂದು ಅಂಗಡಿಯನ್ನೇ ತೆರೆಯಬಹುದು. ಮಕ್ಕಳಿಗೆ ಭಯ ಬರಲಿ ಅಂತ ಮಾಡಿದ್ದು. ಭಯವೇನೋ ಬಂತು. ಬುದ್ಧಿ ಬಂತೇ? ಅದನ್ನು ಕೆರೆಯನ್ನೇ ಕೇಳಬೇಕು.

ಎರಡು ವರ್ಷದ ಹಿಂದೆ, ಎಂಟನೇ ತರಗತಿಯ ವೀಣ ಎಂಬ ಹುಡುಗಿಯ ಚೀಲದಲ್ಲಿ ಅಂಗೈಯಗಲದ ಒಂದು ವಿಡಿಯೋ ಗೇಮು ಸಿಕ್ಕಿತು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ತಿರುಗಿಸಿ, ಸರಿಸಿ, ಸಾಲು ತುಂಬಿಸಿದರೆ ಆ ಸಾಲು ಮಾಯ. ಅಷ್ಟೇ ಆಟ. ವೀಣ ಕೈಮುಗಿದು ನಿಂತಳು. "ಸಾ, ಅದು ನಂದಲ್ಲ ಸಾ, ನಮ್ಮಣ್ಣ ತಿಮ್ಮೇಶಂದು. ಕೇಳ್ದೆ ತಕಬಂದ್ಬುಟ್ಟೆ ಸಾ. ಕೆರಿಗಾಕ್ಬೇಡಿ ಸಾ."

ಅದು ಶುಕ್ರವಾರ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇದರಲ್ಲಿ ಅಂಥದ್ದೇನಿದೆ ನೋಡೋಣ ಎಂದು ಒಂದು ಗುಂಡಿ ಒತ್ತಿದೆ. ಆಫೀಸಿಗೆ ಬೀಗ ಹಾಕಬೇಕಾದ ನಮ್ಮ ಜವಾನ ಮಂಚಯ್ಯ ಮೂರು ಸಲ ಬಾಗಿಲಲ್ಲಿ ಕೆಮ್ಮಿದ. ಮೂರು ಸಲವೂ "ಇರೋ ಮಾರಾಯ, ಮುಖ್ಯವಾದ ಕಾಗದ ನೋಡ್ತಿದ್ದೀನಿ" ಎಂದೆ.

ಶನಿವಾರ ಬಂತು. ಎಸೆಯಲು ಕೈ ಬರಲಿಲ್ಲ. ಎಸೆಯದಿದ್ದರೆ ಮಾನ ಉಳಿಯುವುದಿಲ್ಲ. ಏನು ಮಾಡಿದೆ ಎನ್ನುತ್ತೀರಿ? ಒಂದು ಸೋಪಿನ ಡಬ್ಬಿಯೊಳಗೆ ನನ್ನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ಇಟ್ಟೆ, ಕಾಗದ ಸುತ್ತಿದೆ, ಇನ್ನೂರು ಮಕ್ಕಳ ಮುಂದೆ ಕೆರೆಗೆ ಎಸೆದೆ. "ಏನ್ ತೂಕ ಇತ್ತು ಸಾ ಅದು, ಗುಳಕ್ ಅಂತ ಮುಳುಗೋಯ್ತು!" ಎಂದು ಮಂಚಯ್ಯ ಬೆರಗಾದ. ಪಾಪ, ಆಮೇಲೆ ಒಂದು ತಿಂಗಳು ಅವನು ಆ ಪೇಪರ್‌ವೇಟನ್ನು ಹುಡುಕಿದ. ಹುಡುಕು ಎಂದು ಬೈದವನೂ ನಾನೇ. ಮಂಚಯ್ಯ, ಇವತ್ತಿಗೆ ಅದು ಎಲ್ಲಿದೆಯೆಂದು ಗೊತ್ತಾಯಿತಲ್ಲ, ಕ್ಷಮಿಸಿಬಿಡು.

ನಗಬೇಡಿ. ಅವತ್ತು ವೀಣ ಏರಿಯ ಮೇಲೆ ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ. ಅವಳಣ್ಣ ವರ್ಷವಿಡೀ ಅವಳೊಡನೆ ಮಾತು ಬಿಟ್ಟಿದ್ದನಂತೆ. ಹೊಸದೊಂದು ತಂದುಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಟ್ಟರೆ ನನ್ನ ಪದ್ಧತಿಯೇ ತಪ್ಪು ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದಲ್ಲ? ಹೆಡ್‌ಮೇಷ್ಟ್ರ ಠೀವಿ ಇದೆಯಲ್ಲ, ಅದು ಕೆಟ್ಟದ್ದು.

ಅಲ್ಲಿಂದ ಮುಂದೆ ನನಗೂ ಹುಚ್ಚು ಹಿಡಿಯಿತು. ಕಣ್ಣು ಮುಚ್ಚಿದರೆ ಇಟ್ಟಿಗೆ ಬೀಳುತ್ತಿದ್ದವು. ಆಲೆಮನೆಯಲ್ಲಿ ಅಚ್ಚುಬೆಲ್ಲ ಜೋಡಿಸಿಟ್ಟಿದ್ದರೆ ಎಲ್ಲಿ ಸಂದಿ ಇದೆ ಎಂದು ಮನಸ್ಸು ಹುಡುಕುತ್ತಿತ್ತು. ನಿಮ್ಮ ಮಕ್ಕಳ ಆ ವರ್ಷದ ಲೆಕ್ಕದ ಉತ್ತರಪತ್ರಿಕೆಗಳು ತಡವಾಗಿ ಬಂದದ್ದು ಯಾಕೆ ಎಂದು ಈಗ ಹೊಳೆದಿರಬೇಕು.

ಅದೇ ವರ್ಷ ಗೌರಿ ಹಬ್ಬದ ಹಿಂದಿನ ದಿನ ಸರಸಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಒಂದು ವಿಚಿತ್ರ ಶುರುವಾಯಿತು. ತಟ್ಟೆಯ ಬಲಗಡೆಯ ಮುದ್ದೆ ಮುರಿಯುತ್ತಾಳೆ, ಎಡಗಡೆಯ ಸಾರು ಮುಟ್ಟುವುದಿಲ್ಲ. "ಬರೀ ಮುದ್ದೆ ಇಕ್ಕಿದ್ದೀರಲ್ರೀ, ಸಾರೆಲ್ಲಿ?" ಎನ್ನುತ್ತಾಳೆ. ತಟ್ಟೆ ತಿರುಗಿಸಿಟ್ಟರೆ, "ಈಗ ತಂದ್ರಾ?" ತಲೆಯನ್ನು ಬಲಗಡೆ ಮಾತ್ರ ಬಾಚಿಕೊಳ್ಳುತ್ತಾಳೆ. ದೇವರ ಮುಂದೆ ಕೂರಿಸಿದರೆ ಬಲಗೈ ಒಂದನ್ನೇ ಎದೆಯ ಹತ್ತಿರ ತಂದು ಕಣ್ಣು ಮುಚ್ಚುತ್ತಾಳೆ. ಅವಳ ಲೆಕ್ಕದಲ್ಲಿ ಅದು ಪೂರ್ತಿ ನಮಸ್ಕಾರ. ಅದನ್ನು ನೋಡಿ ನಾನು ಹಿತ್ತಿಲಿಗೆ ಹೋಗಿ ಅತ್ತಿದ್ದೇನೆ.

ಮೈಸೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಕಣ್ಣು ಸರಿಯಾಗಿದೆ ಮೇಷ್ಟ್ರೇ. ಎಡಗಡೆ ಅನ್ನೋದು ಒಂದಿದೆ ಅಂತ ಮಿದುಳೇ ಮರೆತಿದೆ. ಆ ಕಡೆ ಗಮನ ಎಳೀಬೇಕು. ದಿನಾ, ಮತ್ತೆ ಮತ್ತೆ." ಪೇಪರಿನ ಎಡ ಅಂಚಿಗೆ ಕೆಂಪು ಗೆರೆ ಎಳೆದು ಓದಿಸಿ ಎಂದರು. ಸರಸಮ್ಮನಿಗೆ ಎರಡೇ ದಿನಕ್ಕೆ ಬೇಸರ ಬಂತು. ಕರಿಘಟ್ಟದ ಮೆಟ್ಟಿಲು ಹತ್ತಿ ಹರಕೆ ಹೊತ್ತು ಬಂದೆ. ಆ ಮೆಟ್ಟಿಲಲ್ಲೂ ನನಗೆ ಇಟ್ಟಿಗೆಯೇ ಕಂಡವು, ಸ್ವಾಮಿ ಕ್ಷಮಿಸಲಿ.

ಒಂದು ಸಂಜೆ ಅವಳ ಮಂಚದ ಎಡಕ್ಕೆ ಕುಳಿತು, ಕಳ್ಳನ ಹಾಗೆ ಆಡುತ್ತಿದ್ದೆ. ಒಂದು ಸಾಲು ಮಾಯವಾಗಿ ಟೀಂ ಎಂದಿತು. ಸರಸಮ್ಮ ಕತ್ತು ತಿರುಗಿಸಿದಳು. ಎಡಕ್ಕೆ! ಎರಡು ತಿಂಗಳಲ್ಲಿ ಮೊದಲ ಸಲ. "ಏನ್ರೀ ಅದು, ಟೀಂ ಅಂತದೆ?" ಮೈಸೂರಿನಿಂದ ನಿನಗಾಗಿ ಕೊಂಡುತಂದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ನಿಜ ಅವಳಿಗೂ ಈಗಲೇ, ನಿಮ್ಮ ಜೊತೆಯಲ್ಲೇ ಗೊತ್ತಾಗುತ್ತಿದೆ. ಅವಳು ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ ರಾತ್ರಿ ನನಗೆ ಬರೀ ಮುದ್ದೆಯೇ ಗತಿ.

ಆ ಆಟದಲ್ಲಿ ಬಲಗಡೆಯ ಗುಂಡಿ ಇಟ್ಟಿಗೆ ತಿರುಗಿಸಲು, ಎಡಗಡೆಯವು ಸರಿಸಲು. ಅವಳ ಎಡಗೈ ಏಳುತ್ತಿರಲಿಲ್ಲ. ಆದ್ದರಿಂದ ಅವಳ ಬಲ ಹೆಬ್ಬೆರಳು, ನನ್ನ ಎಡ ಹೆಬ್ಬೆರಳು, ಒಂದೇ ಆಟ. "ಎಡಕ್ ತಳ್ಳಿ ಅಂದ್ರೆ ಬಲಕ್ ತಳ್ತೀರಲ್ಲ, ನಿಮ್ಗೆ ಲೆಕ್ಕ ಯೋಳ್ಕೊಟ್ಟೋನ್ಯಾರು?" ಎಂದು ಗದರುತ್ತಿದ್ದಳು. ಮೊದಮೊದಲು ಇಟ್ಟಿಗೆಯೆಲ್ಲ ಬಲಗಡೆಯೇ ರಾಶಿ ಬೀಳುತ್ತಿತ್ತು, ಆಟ ಸೋಲುತ್ತಿತ್ತು. ಎಡಗಡೆ ತುಂಬದೆ ಸಾಲು ಮಾಯವಾಗುವುದಿಲ್ಲವಲ್ಲ. ಗೆಲ್ಲಬೇಕಾದರೆ ಆ ಕಡೆ ನೋಡಲೇಬೇಕು. ನೋಡಿದಳು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅವಳ ಎಡ ಹೆಬ್ಬೆರಳು ನನ್ನ ಬೆರಳನ್ನು ಪಕ್ಕಕ್ಕೆ ತಳ್ಳಿತು. "ಸಾಕು ಬುಡಿ, ನಾನೇ ಒತ್ಕತೀನಿ" ಎಂದಳು.

ಆಟದಿಂದಲೇ ಲಕ್ವ ವಾಸಿಯಾಯಿತು ಎಂದು ಊರಲ್ಲಿ ಸಾರಬೇಡಿ. ಮಾತ್ರೆ ಇತ್ತು, ವ್ಯಾಯಾಮ ಇತ್ತು. ನನ್ನ ಹುಚ್ಚನ್ನೂ ಹೇಳಿಕೊಂಡಾಗ ಡಾಕ್ಟರಮ್ಮ ನಕ್ಕು ಹೇಳಿದ್ದು ಇಷ್ಟೇ: "ಸಾಲು ಮಾಯವಾದಾಗಲೆಲ್ಲ ಮಿದುಳಿಗೆ ಚೂರು ಬೆಲ್ಲ ಸಿಕ್ಕ ಹಾಗೆ. ಇನ್ನೊಂದು ಚೂರು ಬೇಕು ಅಂತ ಅದು ಮತ್ತೆ ಗಮನ ಕೊಡುತ್ತೆ. ನಿಮ್ಮ ಉತ್ತರಪತ್ರಿಕೆ ತಡಮಾಡಿಸಿದ್ದೂ ಅದೇ ಬೆಲ್ಲ, ಇವರಿಗೆ ನೆರವಾದದ್ದೂ ಅದೇ." ಮಕ್ಕಳೇ, ಈ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡು ಮನೆಗೆ ಹೋಗಬೇಡಿ.

ಆದರೆ ಸಭಿಕರೇ, ಚೀಟಿಯಲ್ಲಿ ಇಲ್ಲದ ಇನ್ನೊಂದು ಮಾತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಭುಜಕ್ಕೆ ಭುಜ ತಾಗಿಸಿ ಕೂತದ್ದು ಅದೇ ಮೊದಲು. ಅಲ್ಲಿಯವರೆಗೂ ತಟ್ಟೆ ಬಂತು, ಉಂಡೆ. ಇಸ್ತ್ರಿ ಮಾಡಿದ ಅಂಗಿ ಬಂತು, ತೊಟ್ಟೆ. ಅವಳಿದ್ದ ಕಡೆಗೆ ತಿರುಗಿ ನೋಡಲಿಲ್ಲ. ಅವಳಿಗಾದರೆ ಲಕ್ವ ಹೊಡೆದಿತ್ತು. ನನಗೇನು ಹೊಡೆದಿತ್ತು?

ವೀಣ, ಎಲ್ಲಿದ್ದೀಯಮ್ಮ? ಬಾ, ವೇದಿಕೆಗೆ ಬಾ. ಇದು ನಿಮ್ಮಣ್ಣನ ವಿಡಿಯೋ ಗೇಮು. ಹೊಸ ಸೆಲ್ಲು ಹಾಕಿಸಿದ್ದೇನೆ. ಎಡಗಡೆಯ ಗುಂಡಿ ಸವೆದಿದೆ, ಅದನ್ನು ಸವೆಸಿದವರು ಮುಂದಿನ ಸಾಲಿನಲ್ಲಿದ್ದಾರೆ. ನಿನ್ನನ್ನು ಅಳಿಸಿದೆ, ಇನ್ನೂರು ಮಕ್ಕಳ ಮುಂದೆ ಸುಳ್ಳಾಡಿದೆ. ಅದಕ್ಕೇ ಇನ್ನೂರು ಮಕ್ಕಳ ಮುಂದೆಯೇ ಹೇಳುತ್ತಿದ್ದೇನೆ. ತಪ್ಪಾಯ್ತು ಕಣವ್ವ. ನಿಮ್ಮಣ್ಣನಿಗೂ ಹೇಳು.

ಅಗೋ, ಸರಸಮ್ಮ ಎದ್ದು ನಿಂತಿದ್ದಾರೆ. ನನಗೆ ಬೈಯಲು ಎದ್ದರೆಂದು ಹೆದರಿದೆ. ಇಲ್ಲ, ಈ ಹುಡುಗಿಗೆ ಕೈಮುಗಿಯುತ್ತಿದ್ದಾರೆ. ನೋಡಿ, ಎಲ್ಲರೂ ನೋಡಿ. ಎಡಗೈ ಸ್ವಲ್ಪ ತಡವಾಗಿ ಏಳುತ್ತದೆ, ಒಂದು ಗಳಿಗೆ ಕಾಯಿರಿ. ಹಾಂ, ಬಂತು.

ನನ್ನನ್ನು ಇಷ್ಟು ಕಾಲ ಸಹಿಸಿದ ಊರಿಗೆ, ಸಹೋದ್ಯೋಗಿಗಳಿಗೆ, ಮಕ್ಕಳಿಗೆ, ಪೇಪರ್‌ವೇಟನ್ನು ನುಂಗಿಯೂ ಗುಟ್ಟು ಬಿಡದ ಕೆರೆಗೆ ನನ್ನ ವಂದನೆಗಳು. ಮಂಚಯ್ಯ, ಈ ಮೈಕು ಸ್ವಲ್ಪ ಹಿಡಿದುಕೋ. ನನಗೂ ಎರಡು ಕೈ ಬೇಕು.

ನಮಸ್ಕಾರ.