ಹಸಿರು ಶಾಯಿಯ ಹದಿನಾಲ್ಕು ಟಿಕ್‌ಗಳು

ಹೇಳಿಕೆದಾರನ ಹೆಸರು ಮೇಲಿನ ಕಾಲಂನಲ್ಲಿದೆ. ವಯಸ್ಸು 66. ಬಸ್ ಡಿಪೋದ ಸ್ಟೋರ್‌ಕೀಪರ್, ಈಗ ನಿವೃತ್ತ. ವಿಧುರ. ವಾಸ: ಕಾರು ತೊಳೆಯುವ ಅಂಗಡಿಯ ಹಿಂದಿನ ಬೀದಿ, ಮನೆ ನಂಬರ್ 41, ಕೆಳಗಿನ ಭಾಗ. ನನ್ನ ಭಾಷೆಯಲ್ಲೇ ಬರೆದುಕೊಡಬಹುದೆಂದು ಅಧಿಕಾರಿಯವರು ಹೇಳಿದ್ದರಿಂದ, ಕಾಲೇಜಿನಲ್ಲಿ ಕಲಿತಂತೆ ವಿತ್ ಡ್ಯೂ ರೆಸ್ಪೆಕ್ಟ್, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ:

ನಾನು ಈ ದೇಶಕ್ಕೆ ಬಂದು 32 ವರ್ಷಗಳಾದವು. ಕಳೆದ ತಿಂಗಳ 3ನೇ ತಾರೀಖು ಶನಿವಾರ ಬೆಳಿಗ್ಗೆ 10.20ಕ್ಕೆ ನಮ್ಮ ಭಾಷೆಯ ಹುಡುಗಿಯೊಬ್ಬಳು, ವಯಸ್ಸು 23, ನನ್ನ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದಳು. ಒಂದು ವರ್ಷ ಅಲ್ಲಲ್ಲಿ ದುಡಿಯುತ್ತಾ ದೇಶ ನೋಡುವ ಪರವಾನಗಿ ಅವಳದು. ಒಂದು ಸೂಟ್‌ಕೇಸು, ಒಂದು ನೀಲಿ ಜಾಕೆಟ್ಟು. ಮೊದಲ ದಿನವೇ ನನ್ನನ್ನು ತಾತ ಎಂದಳು. ತಾತ ಅಂದರೆ ಬಾಡಿಗೆ ಜಾಸ್ತಿ ಮಾಡುತ್ತೇನೆ ಎಂದೆ. ಅಂದಿನಿಂದ ಮಾವ ಎನ್ನುತ್ತಿದ್ದಳು.

ಮುಂದೆ ಕೆಲಸಕ್ಕೆ ಹೋಗುವಾಗ ಅವಳಿಗೆ ಬಸ್ಸು ತಪ್ಪುತ್ತಿದ್ದ ಕಾರಣ ನನ್ನ ಹೆಂಡತಿಯ ಸೈಕಲ್ಲನ್ನು ಕೊಟ್ಟೆ. ಸೀಟನ್ನು ಎರಡು ಇಂಚು ಇಳಿಸಬೇಕಾಯಿತು. ಒಂಬತ್ತು ವರ್ಷ ಆ ಸೀಟನ್ನು ಯಾರೂ ಮುಟ್ಟಿರಲಿಲ್ಲ. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬರೆದಿದ್ದೇನೆ.

5ನೇ ತಾರೀಖು ಸೋಮವಾರ, ಮನೆಯಿಂದ 3.2 ಕಿಲೋಮೀಟರ್ ದೂರದ ಲಾಂಡ್ರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಒಗೆದು, ಬಿಸಿ ರೋಲರುಗಳ ನಡುವೆ ಹಾಯಿಸಿ ಇಸ್ತ್ರಿ ಮಾಡುವ ಜಾಗ. ಸೂಪರ್‌ವೈಸರಮ್ಮ ಒಂದು ಫಾರ್ಮ್ ಕೊಟ್ಟು, ನಾಳೆ ತುಂಬಿಸಿಕೊಂಡು ಬಾ ಎಂದರಂತೆ. ಯಂತ್ರಗಳ ಬಗ್ಗೆ ತರಬೇತಿ ಕೊಟ್ಟಿದ್ದಾರೆಯೇ ಎಂಬ ಫಾರ್ಮ್ ಅದು. ಇಂಗ್ಲಿಷಿನಲ್ಲಿ ಹದಿನಾಲ್ಕು ಪ್ರಶ್ನೆಗಳು.

ಸಂಜೆ 6.40ಕ್ಕೆ ಅಡುಗೆಮನೆಯಲ್ಲಿ ಅವಳು ಅಕ್ಕಿ ತೊಳೆಯುತ್ತಿದ್ದಳು. ಫಾರ್ಮನ್ನು ನಾನೇ ಎಳೆದುಕೊಂಡೆ. ಇಂಗ್ಲಿಷ್ ನನಗೆ ಬರುತ್ತದೆಂದು ತೋರಿಸುವ ಚಪಲವೂ ಇತ್ತು. "ಹ್ಯಾವ್ ಯೂ ಬೀನ್ ಇನ್‌ಸ್ಟ್ರಕ್ಟೆಡ್" ಎಂದು ಜೋರಾಗಿ ಓದಿ, ಅದು ಪ್ಯಾಸಿವ್ ವಾಯ್ಸ್ ಎಂದು ವಿವರಿಸಿದೆ.

"ಮಾವ, ಅವ್ರು ನಂಗೆ ಏನೂ ತೋರ್ಸೇ ಇಲ್ವಲ್ಲ. ಒಂಬತ್ತನೇದು ಏನೋ ಕೆಂಪು ಪಟ್ಟಿ ಅಂತಿದೆ, ಅದೇನು?" ಎಂದು ಕೇಳಿದಳು.

"ಅಯ್ಯೋ, ಅದೆಲ್ಲಾ ಫಾರ್ಮಾಲಿಟಿ ಕಣಮ್ಮ. ಇಲ್ಲ ಅಂತ ಬರೆದ್ರೆ ನಾಳೆಯಿಂದ ಬರಬೇಡ ಅಂತಾರೆ. ನಾನೂ ಹಾಗೇ ಇಲ್ಲಿ ಬೇರು ಬಿಟ್ಟಿದ್ದು" ಎಂದೆ.

"ಏನೋಪ್ಪ, ನೀವು ಹೇಳಿದ್ಮೇಲೆ ಆಯ್ತು" ಎಂದಳು.

ಡಿಪೋದಲ್ಲಿ 26 ವರ್ಷ ತಪಾಸಣಾ ಪಟ್ಟಿ ತುಂಬಿದವನು ನಾನು. ಸಾಮಾನು ನೋಡದೆಯೇ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಟಿಕ್ ಹಾಕುವುದು ನಮ್ಮ ಪದ್ಧತಿ. ಹದಿನಾಲ್ಕಕ್ಕೂ ಹಾಗೆಯೇ ಎಸ್ ಎಂದು ಟಿಕ್ ಹಾಕಿದೆ. ಅವಳು ಒದ್ದೆ ಕೈಯಲ್ಲೇ ಸಹಿ ಮಾಡಿದಳು. ನಾನು ನೋಡಿದ ಅವಳ ಬಲಗೈ ಸಹಿ ಅದೊಂದೇ.

ಮೊದಲು ಅವಳಿಗೆ ಟವೆಲ್ ಮಡಿಸುವ ಕೆಲಸವಿತ್ತು. 27ನೇ ತಾರೀಖು ಮಂಗಳವಾರ ಒಬ್ಬರು ರಜೆ ಹಾಕಿದ್ದರಿಂದ ಅವಳನ್ನು ರೋಲರಿಗೆ ಹಾಕಿದರು. ಬೆಳಿಗ್ಗೆ 11.05ಕ್ಕೆ ಮಡಚಿಕೊಂಡ ಹಾಸಿಗೆ ಬಟ್ಟೆಯನ್ನು ಸರಿಪಡಿಸಲು ಹೋದಾಗ ಕೈ ಒಳಗೆ ಸಿಕ್ಕಿತು. ಒತ್ತಿದರೆ ಯಂತ್ರ ನಿಲ್ಲುವ ಕೆಂಪು ಪಟ್ಟಿ ಅವಳ ಎಡ ಮೊಣಕೈಯಿಂದ ಒಂದು ಅಡಿ ದೂರದಲ್ಲಿತ್ತು. ಮರುದಿನ ನಾನೇ ಹೋಗಿ, ಅವಳು ನಿಂತಿದ್ದ ಜಾಗದಲ್ಲಿ ನಿಂತು, ಗೇಣು ಹಾಕಿ ನೋಡಿದ್ದೇನೆ. ಒಂದು ಗೇಣು, ಮೇಲೆ ನಾಲ್ಕು ಬೆರಳು.

ನಾನು 12.25ಕ್ಕೆ ಆಸ್ಪತ್ರೆ ತಲುಪಿದೆ. ಬಲಗೈಯ ಮೂರು ಬೆರಳುಗಳನ್ನು ತೆಗೆದರು. ಸಂಜೆ ಅವಳ ತಾಯಿ ಫೋನ್ ಮಾಡಿದಾಗ, ಮುಖವನ್ನಷ್ಟೇ ತೋರಿಸಿ, ಎಡಗೈ ಬೀಸಿ, ಊಟ ಆಯ್ತಮ್ಮ ಎಂದಳು. ಆಗಿರಲಿಲ್ಲ.

ತರಬೇತಿ ಪಡೆದೂ ಅಜಾಗರೂಕತೆ ತೋರಿದಳೆಂದು ಲಾಂಡ್ರಿಯವರು ಆ ಫಾರ್ಮನ್ನು ತಮಗೆ ಕೊಟ್ಟಿದ್ದಾರೆ. ಟಿಕ್‌ಗಳು ತನ್ನವೇ ಎಂದು ಹುಡುಗಿಯೂ ನಿನ್ನೆ ತಮ್ಮ ಮುಂದೆ ಹೇಳಿದ್ದಾಳೆ. "ಮಾವ, ನೀವು ಬಾಯಿ ಬಿಡ್ಬೇಡಿ. ಈ ವಯಸ್ಸಲ್ಲಿ ನಿಮ್ಮನ್ನ ಸ್ಟೇಷನ್‌ಗೆ ಅಲೆದಾಡಿಸ್ತಾರೆ" ಎಂದು ನನಗೆ ಹೇಳಿದಳು. ಹೀಗಾದರೆ ತಪ್ಪು ಅವಳದೆಂದಾಗಿ, ಪರಿಹಾರವೂ ಇಲ್ಲ, ಪರವಾನಗಿಯೂ ಇಲ್ಲ, ಆ ಕೈ ಹೊತ್ತುಕೊಂಡು ವಾಪಸ್ಸು ಹೋಗಬೇಕು. ದೇಶ ನೋಡಬೇಕೆಂದು ಬಂದವಳು ನೋಡಿದ್ದು ನನ್ನ ಬೀದಿ ಮತ್ತು ಲಾಂಡ್ರಿ.

ಆದ್ದರಿಂದ ತಮಗೆ ತಿಳಿಸುವುದೇನೆಂದರೆ, ಅವಳು ಹೇಳಿದ್ದು ಸುಳ್ಳು. ನನ್ನನ್ನು ಉಳಿಸಲು ಹೇಳಿದ ಸುಳ್ಳು. ಅವಳಿಗೆ ಯಾರೂ ಯಾವ ಯಂತ್ರವನ್ನೂ ತೋರಿಸಿರಲಿಲ್ಲ, ಅದನ್ನು ಅವಳು ನನಗೆ ಹೇಳಿದ್ದಳು. ಟಿಕ್‌ಗಳು ಹಸಿರು ಶಾಯಿಯವು, ಉದ್ದ ಬಾಲದವು. ಆ ಪೆನ್ನು ಡಿಪೋದ್ದು, ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ತಕರಾರಿಲ್ಲ.

ಸೈಕಲ್ಲನ್ನು ಲಾಂಡ್ರಿಯ ಗೇಟಿನಿಂದ ತಳ್ಳಿಕೊಂಡು ತಂದಿದ್ದೇನೆ. ಸೀಟನ್ನು ಮೇಲೆತ್ತಿಲ್ಲ.

ಅವತ್ತು ಆ ಫಾರ್ಮಿನ ಒಂಬತ್ತನೆಯ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಲಿಲ್ಲ. ಈ ಹೇಳಿಕೆಯನ್ನು ಇಂಗ್ಲಿಷಿಗೆ ಇಳಿಸಿದ ಠಾಣೆಯ ದುಭಾಷಿಯವರು ಅದನ್ನು ನನಗೆ ಎರಡು ಸಲ ಓದಿ ಹೇಳಿದರು. ಪ್ರತಿಯೊಂದು ಸಾಲನ್ನೂ ಕೇಳಿ, ತಿಳಿದು, ನಿಜವೆಂದು ಒಪ್ಪಿ, ಠಾಣೆಯ ನೀಲಿ ಪೆನ್ನಿನಿಂದ ಸಹಿ ಹಾಕಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ಕೋಣೆ ನಂಬರ್ 2
ದಿನಾಂಕ: ಈ ತಿಂಗಳ 2, ಸೋಮವಾರ, ಬೆಳಿಗ್ಗೆ 11.20
(ಸಹಿ)